ಸೀಟಿಗೆ ತೃಪ್ತಿ ಕೇಳುತ್ತಾರೆ, ಕೆಲಸಕ್ಕೆ ಯಾರು ಕೇಳುತ್ತಾರೆ?

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರ ಸಂಜೆ ಅಂಗಡಿಗೆ ತರಿಸಿದ ಮಿರ್ಚಿ ಭಜಿಯನ್ನು ನಿಮ್ಮ ಪತ್ರಿಕೆಯಲ್ಲೇ ಕಟ್ಟಿಕೊಟ್ಟಿದ್ದರು. (ಪೇಪರಿನಲ್ಲಿ ತಿನ್ನುವ ಪದಾರ್ಥ ಕಟ್ಟಬಾರದು ಅಂತ ಗೊತ್ತು, ಇರಲಿ.) ಬಿಚ್ಚಿದರೆ ಪೂರ್ಣ ಪುಟದ ಕಾಲೇಜು ಜಾಹೀರಾತು. ಸಾಲಾಗಿ ಹುಡುಗ ಹುಡುಗಿಯರ ಫೋಟೊ, ಫೋಟೊದ ಕೆಳಗೆ ಕಂಪನಿ ಹೆಸರು, ಅದರ ಕೆಳಗೆ ಲಕ್ಷದ ಲೆಕ್ಕದಲ್ಲಿ ಪ್ಯಾಕೇಜ್. ಎಣ್ಣೆ ಇಳಿದು ಎರಡು ಮುಖಗಳು ಹಿಂದಿನ ಪುಟದ ನಿಧನ ವಾರ್ತೆಯ ಜೊತೆ ಸೇರಿಹೋಗಿದ್ದವು. ಪ್ಯಾಕೇಜಿನ ಬಗ್ಗೆ ನನ್ನದೇನೂ ತಕರಾರಿಲ್ಲ. ಮೂರು ವರ್ಷದ ಹಿಂದೆ ಇದೇ ರೀತಿ ಫೋಟೊ ಹಾಕಿಸಿಕೊಂಡವರು ಈಗ ಹೇಗಿದ್ದಾರೆ, ಓದಿದ್ದಕ್ಕೂ ಮಾಡುತ್ತಿರುವುದಕ್ಕೂ ಏನಾದರೂ ಸಂಬಂಧ ಇದೆಯಾ, ಬೆಳಗ್ಗೆ ಎದ್ದರೆ ಕೆಲಸಕ್ಕೆ ಹೋಗಬೇಕು ಅನ್ನಿಸುತ್ತದಾ, ಇದನ್ನು ಯಾವ ಕಾಲೇಜೂ ಯಾಕೆ ಅಚ್ಚು ಹಾಕಿಸುವುದಿಲ್ಲ ಅನ್ನುವುದಷ್ಟೇ ತಕರಾರು. ಪತ್ರ ಸ್ವಲ್ಪ ಉದ್ದ ಆಗುತ್ತದೆ. ಕತ್ತರಿ ನಿಮ್ಮ ಕೈಯಲ್ಲಿದೆ.

ನಮ್ಮದು ಧಾರವಾಡದ ಸಪ್ತಾಪುರದಲ್ಲಿ ಝೆರಾಕ್ಸ್, ಡಿಟಿಪಿ, ಆನ್‌ಲೈನ್ ಅರ್ಜಿ ತುಂಬುವ ಸಣ್ಣ ಅಂಗಡಿ. ನಾನೂ ನಮ್ಮ ಯಜಮಾನರೂ ಸೇರಿ ನಡೆಸುತ್ತೇವೆ. ಸಪ್ತಾಪುರ ಅಂದರೆ ನಿಮಗೆ ಗೊತ್ತೇ ಇದೆ. ಹಾವೇರಿ, ಗದಗ, ಬಾಗಲಕೋಟೆ, ಬೆಳಗಾವಿ ಕಡೆಯ ಮಕ್ಕಳು ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬಂದು ಉಳಿಯುವ ಜಾಗ. ಒಂದು ಗೋಡೆಗೆ ಕೋಚಿಂಗ್ ಕ್ಲಾಸಿನ ಬೋರ್ಡು, ಪಕ್ಕದ ಗೋಡೆಗೆ ರೀಡಿಂಗ್ ರೂಮಿನ ಬೋರ್ಡು, ನಡುವೆ ಖಾನಾವಳಿ. ಹಾಗಾಗಿ ಒಂದೇ ಮಗುವನ್ನು ನಾವು ಎರಡು ಸಲ ನೋಡುತ್ತೇವೆ. ಹದಿನೆಂಟಕ್ಕೆ ಸಿಇಟಿ ಆಪ್ಷನ್ ಎಂಟ್ರಿಗೆ (ಯಾವ ಕಾಲೇಜು, ಯಾವ ವಿಷಯ ಬೇಕು ಅಂತ ಪಟ್ಟಿ ತುಂಬುವುದು) ಇಲ್ಲವೇ ಡಿಗ್ರಿ ಅಡ್ಮಿಷನ್ನಿನ ಯುಯುಸಿಎಂಎಸ್ ಅರ್ಜಿಗೆ (ವಿಶ್ವವಿದ್ಯಾಲಯಗಳ ಆನ್‌ಲೈನ್ ವ್ಯವಸ್ಥೆ) ಬರುತ್ತಾರೆ. ಇಪ್ಪತ್ಮೂರು ಇಪ್ಪತ್ನಾಲ್ಕಕ್ಕೆ ಮತ್ತೆ ಬರುತ್ತಾರೆ, ಪಿಎಸ್‌ಐ, ಎಫ್‌ಡಿಎ, ಬ್ಯಾಂಕು, ಕರೆದ ಕರೆದ ಅರ್ಜಿಗೆಲ್ಲ. ನಡುವಿನ ವರ್ಷಗಳಲ್ಲಿ ಏನಾಯಿತು ಅನ್ನುವುದು ಕೇಳದಿದ್ದರೂ ತಿಳಿಯುತ್ತದೆ.

ಆಪ್ಷನ್ ಎಂಟ್ರಿ ಹೇಗಿರುತ್ತದೆ ಅಂತ ಹೇಳಿಬಿಡುತ್ತೇನೆ. ಹುಡುಗ ಸ್ಟೂಲಿನ ಮೇಲೆ. ಹಿಂದೆ ಅಪ್ಪ ಇಲ್ಲವೇ ಕಾಕಾ. ಬಾಗಿಲಲ್ಲಿ ಇನ್ನೂ ಆರು ಜನ. ಒಟಿಪಿ ಸವಣೂರಿನ ಹೊಲದಲ್ಲಿರುವ ಯಾರದೋ ಫೋನಿಗೆ ಹೋಗಿರುತ್ತದೆ. ಅದು ಬರುವ ಹತ್ತು ನಿಮಿಷದಲ್ಲಿ ಮಗುವಿನ ಮುಂದಿನ ಬದುಕು ತೀರ್ಮಾನ. "ಎಲ್ಲಾ ಕಡೆ ಮೊದಲಿಗೆ ಕಂಪ್ಯೂಟರ್ ಸೈನ್ಸ್ ಹಾಕ್ರಿ ಅಕ್ಕಾರ, ಆಮ್ಯಾಲ ಉಳದದ್ದು." ಉಳದದ್ದು ಅಂದರೆ ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್, ಸಿವಿಲ್, ಎಲ್ಲವೂ. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಕೊಳ್ಳುವವರು ಕೂಡ ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ಕೈಗೆ ತೆಗೆದುಕೊಂಡು ನೋಡುತ್ತಾರೆ. ಇಲ್ಲಿ ಅದೂ ಇಲ್ಲ.

2018ರಲ್ಲಿ ಹಾವೇರಿ ಕಡೆಯ ಒಬ್ಬ ಹುಡುಗ ಹೀಗೆ ಬಂದಿದ್ದ. "ತಮ್ಮಾ, ನಿನಗೇನ್ ಬೇಕೋ?" ಅಂದೆ. ಅವನು ಕಾಕಾನ ಮುಖ ನೋಡಿದ. ಕಾಕಾ ನನ್ನ ಮುಖ ನೋಡಿದರು, ನಿಮಗ್ಯಾಕ ಬೇಕ್ರೀ ಅನ್ನುವ ಹಾಗೆ. ನಾನು ಸುಮ್ನೆ ಎಂಟರ್ ಒತ್ತಿದೆ. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೆ ಅರ್ಜಿ ಕರೆದರಲ್ಲ, 1000 ಹುದ್ದೆ, ಆಗ ಅದೇ ಹುಡುಗ ಗಡ್ಡ ಬಿಟ್ಟುಕೊಂಡು ಬಂದ. ಆ ಹುದ್ದೆಗೆ ಪಿಯುಸಿ ಆಗಿದ್ದರೆ ಸಾಕು. ಇವನು ಬಿಇ. ಬೆಂಗಳೂರಿನಲ್ಲಿ ಎರಡು ವರ್ಷ ಕೆಲಸ ಮಾಡಿ ಬಂದಿದ್ದಾನೆ.

"ಕೆಲಸ ಬಿಟ್ಟ್ಯಾ?"

"ಬಿಟ್ನಿರೀ ಅಕ್ಕಾರ. ರಾತ್ರಿ ಪಾಳಿ. ಕಂಪ್ಲೇಂಟ್ ಬರ್ತಾವ, ನಂಬರ್ ಹಾಕಿ ಮುಂದ ಕಳಸೂದು. ಯಾರ ಸಮಸ್ಯಾನೂ ಬಗೆಹರದದ್ದು ನಾ ನೋಡಲೇ ಇಲ್ರಿ."

ಸಂಬಳ ಕಡಿಮೆ ಅಂತ ಅವನು ಹೇಳಲಿಲ್ಲ. ಇದು ನನಗೆ ತಲೆಯಲ್ಲಿ ಉಳಿಯಿತು. ಮತ್ತೆ ಈ ಕೆಲಸ ಯಾಕೋ ಅಂದರೆ, ಸಣ್ಣವನಿದ್ದಾಗ ಊರಿಗೆ ಸರ್ವೆಯವರು ಬಂದರೆ ಸರಪಳಿಯ ಇನ್ನೊಂದು ತುದಿ ಹಿಡಿದು ಬದುವಿನುದ್ದಕ್ಕೂ ಓಡುತ್ತಿದ್ದನಂತೆ. ಸಿವಿಲ್ ಅನ್ನುವುದು ಅವನ ಪಟ್ಟಿಯಲ್ಲಿ ಎಲ್ಲೋ ತಳದಲ್ಲಿತ್ತು, ಅದನ್ನು ಟೈಪ್ ಮಾಡಿದವಳು ನಾನೇ.

ಸಿಇಟಿ ಸೀಟು ಹಂಚಿಕೆ ಆದ ಮೇಲೆ ಪರೀಕ್ಷಾ ಪ್ರಾಧಿಕಾರದ (ಕೆಇಎ) ಜಾಲತಾಣದಲ್ಲಿ ನಾಲ್ಕು ಚಾಯ್ಸ್ ಬರುತ್ತವೆ. 1 ಅಂದರೆ ಸಿಕ್ಕ ಸೀಟು ತೃಪ್ತಿ ತಂದಿದೆ, ಸೇರುತ್ತೇನೆ. 2 ಅಂದರೆ ತೃಪ್ತಿ ಇದೆ, ಆದರೂ ಮೇಲಿನದು ಸಿಕ್ಕರೆ ಬೇಕು. 3 ಅಂದರೆ ತೃಪ್ತಿ ಇಲ್ಲ, ಮುಂದಿನ ಸುತ್ತಿಗೆ ಕಾಯುತ್ತೇನೆ. 4 ಅಂದರೆ ಬೇಡವೇ ಬೇಡ. ಪ್ರತಿ ವರ್ಷ ಇದನ್ನು ಓದಿ ಓದಿ ಹೇಳುವಾಗ ನನಗೆ ನಗು ಬರುತ್ತದೆ. ಇನ್ನೂ ಒಂದು ದಿನವೂ ಕೂತಿಲ್ಲದ ಕ್ಲಾಸಿಗೆ ತೃಪ್ತಿ ಇದೆಯಾ ಅಂತ ಕೇಳುತ್ತಾರೆ. ಓದು ಮುಗಿದು, ಕೆಲಸಕ್ಕೆ ಸೇರಿ, ಎರಡು ಮೂರು ಮಳೆಗಾಲ ಕಳೆದ ಮೇಲೆ ಮಾತ್ರ ಯಾರೂ ಕೇಳುವುದಿಲ್ಲ.

ಈಗ ನೀವು ಅಂದುಕೊಳ್ಳಬಹುದು, ಈಕೆ ಇಷ್ಟದ ವಿಷಯ ಓದಿ ಮಕ್ಕಳೇ ಅಂತ ಭಾಷಣ ಮಾಡುತ್ತಾಳೆ ಅಂತ. ಇಲ್ಲ. ನನ್ನ ಕಥೆಯೇ ಅದಕ್ಕೆ ಅಡ್ಡ ಬರುತ್ತದೆ.

ನಾನು ಗದಗಿನವಳು. ತೊಂಬತ್ತರ ದಶಕದಲ್ಲಿ ಪಿಯುಸಿ ಮುಗಿಸಿದಾಗ ನನಗೆ ಬಿಎ ಸೇರಿ ಐಚ್ಛಿಕ ಕನ್ನಡ ತೆಗೆದುಕೊಳ್ಳುವ ಆಸೆ. ನಮ್ಮಪ್ಪ, "ಕನ್ನಡ ಮನ್ಯಾಗೂ ಮಾತಾಡ್ತೀವಿ, ಅದನ್ನೇನ್ ಫೀ ಕೊಟ್ಟು ಓದೂದು" ಅಂದರು. ಬಿ.ಕಾಂ ಆಯಿತು. ಅತ್ತುಕೊಂಡೇ ಓದಿದೆ. ಆಮೇಲೆ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. ಗದಗ ಅಂದರೆ ಸಹಕಾರಿ ಸಂಘಗಳ ತವರು, ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ ಜಿಲ್ಲೆ, ನಮಗೆ ಅಂಥ ಕೆಲಸಗಳು ಸಿಗುತ್ತಿದ್ದವು. ಅಲ್ಲಿ ಒಬ್ಬರು ಕಾರ್ಯದರ್ಶಿ ಇದ್ದರು, ಎಲ್ಲರೂ ಕಾಕಾ ಅನ್ನುತ್ತಿದ್ದೆವು. ಮೊದಲ ವರ್ಷದ ಮಾರ್ಚ್ 31. ತಾಳೆ ಹಚ್ಚಿದರೆ 63 ಪೈಸೆ ವ್ಯತ್ಯಾಸ. ರಾತ್ರಿ ಎಂಟಾಯಿತು. ನಾನು ನನ್ನ ಪರ್ಸಿನಿಂದ ಹಾಕಿಬಿಡುತ್ತೇನೆ ಅಂದೆ. ಕಾಕಾ ನಕ್ಕರು. "ಅರವತ್ಮೂರು ಒಂಬತ್ತರಿಂದ ಭಾಗ ಹೋಗತೈತೇನವಾ? ಹೋಗತೈತಿ. ಹಂಗಾದ್ರ ಎಲ್ಲೋ ಅಂಕಿ ತಿರುಗಾ ಮುರುಗಾ ಬರದೀವಿ, ಹುಡುಕು" ಅಂದು ಚಹಾ ತರಿಸಿದರು. ಒಂಬತ್ತೂವರೆಗೆ ಸಿಕ್ಕಿತು. ಒಂದು ಬಡ್ಡಿ ಲೆಕ್ಕದಲ್ಲಿ 81 ಪೈಸೆಯನ್ನು ನಾನೇ 18 ಅಂತ ಏರಿಸಿದ್ದೆ. ಆ ರಾತ್ರಿ ಮನೆಗೆ ನಡೆದು ಹೋಗುವಾಗ ನನಗಾದ ಖುಷಿ, ಮದುವೆ ದಿನವೂ ಅಷ್ಟು ಆಗಿತ್ತೋ ಇಲ್ಲವೋ. (ಯಜಮಾನರು ಇದನ್ನು ಓದುತ್ತಾರೆ, ಗೊತ್ತು.)

ಆರು ವರ್ಷ ಮಾಡಿದೆ. ವಿಷಯ ನನ್ನ ಇಷ್ಟದ್ದಲ್ಲ, ಕೆಲಸ ಹಿಡಿಸಿತು. ಯಾಕೆ ಅಂತ ಆಗ ಗೊತ್ತಿರಲಿಲ್ಲ. ಈಗ ಸ್ವಲ್ಪ ಗೊತ್ತು, ಅದೂ ಬೇರೆಯವರ ಪ್ರಾಜೆಕ್ಟ್ ರಿಪೋರ್ಟ್ ಟೈಪ್ ಮಾಡಿ ಮಾಡಿ.

ಎಂಬಿಎ, ಎಂ.ಕಾಂ ಮಕ್ಕಳಿಗೆ ಬಲು ಪ್ರೀತಿಯ ಪ್ರಾಜೆಕ್ಟ್ ವಿಷಯ ಯಾವುದು ಹೇಳಿ. ಉದ್ಯೋಗ ತೃಪ್ತಿ. ಇಂಥ ಕಂಪನಿಯ ಸಿಬ್ಬಂದಿಯ ಉದ್ಯೋಗ ತೃಪ್ತಿಯ ಅಧ್ಯಯನ ಅಂತ ಎಷ್ಟು ಸ್ಪೈರಲ್ ಬೈಂಡಿಂಗ್ ಮಾಡಿದ್ದೇನೋ ಲೆಕ್ಕವಿಲ್ಲ. ಪ್ರಶ್ನಾವಳಿಯನ್ನು ನಮ್ಮ ಅಂಗಡಿಯ ಕಟ್ಟೆಯ ಮೇಲೇ ಕೂತು ತುಂಬುತ್ತಾರೆ, ನೀಲಿ ಪೆನ್ನಿನಲ್ಲಿ ಇಪ್ಪತ್ತೈದು, ಕಪ್ಪು ಪೆನ್ನಿನಲ್ಲಿ ಇಪ್ಪತ್ತೈದು, ಅನುಮಾನ ಬರಬಾರದು ಅಂತ ನಡುನಡುವೆ ಒಂದೆರಡು 'ಒಪ್ಪುವುದಿಲ್ಲ'ಕ್ಕೂ ಟಿಕ್ಕು. ನಮ್ಮ ಭಾಗದಲ್ಲಿ ಉದ್ಯೋಗ ತೃಪ್ತಿಯ ಅಂಕಿ ಅಂಶ ಹುಟ್ಟುವುದು ಬಹಳಷ್ಟು ಸಲ ಹೀಗೆ.

ಆದರೆ ಆ ರಿಪೋರ್ಟುಗಳ ಎರಡನೇ ಅಧ್ಯಾಯದಲ್ಲಿ ಒಬ್ಬ ಮನುಷ್ಯ ತಪ್ಪದೇ ಬರುತ್ತಾನೆ, ಅಮೆರಿಕದ ಮನಃಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್. ಪಿಟ್ಸ್‌ಬರ್ಗ್ ಊರಿನ ಸುತ್ತ ಸುಮಾರು 200 ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಕೂರಿಸಿ ಕೇಳಿ 1959ರಲ್ಲಿ ಪ್ರಕಟಿಸಿದ. ಅವನು ಹೇಳುವುದು ಇಷ್ಟು. ಕೆಲಸದಲ್ಲಿ ಬೇಸರ ತರುವ ಸಂಗತಿಗಳೇ ಬೇರೆ, ಖುಷಿ ಕೊಡುವ ಸಂಗತಿಗಳೇ ಬೇರೆ. ಸಂಬಳ, ಮೇಲಿನವರ ಕಿರಿಕಿರಿ, ಕಂಪನಿಯ ನಿಯಮ, ಇವು ಕೆಟ್ಟಿದ್ದರೆ ಸಿಟ್ಟು ಬರುತ್ತದೆ. ಆದರೆ ಇವು ಸರಿಯಾದ ಮಾತ್ರಕ್ಕೆ ಖುಷಿ ಬರುವುದಿಲ್ಲ, ಸಿಟ್ಟು ಇಳಿಯುತ್ತದೆ ಅಷ್ಟೆ. ಖುಷಿ ಬರುವುದು ಕೆಲಸದ ಒಳಗಿನಿಂದ, ಏನೋ ಮಾಡಿ ಮುಗಿಸಿದೆ ಅನ್ನುವುದರಿಂದ, ಜವಾಬ್ದಾರಿಯಿಂದ. ಇವನ ಲೆಕ್ಕಾಚಾರವನ್ನು ಆಮೇಲೆ ಬಹಳ ಜನ ಪ್ರಶ್ನಿಸಿದ್ದಾರೆ, ಅದೂ ಅದೇ ಅಧ್ಯಾಯದಲ್ಲಿ ಇರುತ್ತದೆ. ನನಗಂತೂ ಆ 63 ಪೈಸೆಯೂ ಬೆಂಗಳೂರಿನ ಹುಡುಗನ ಕಂಪ್ಲೇಂಟ್ ನಂಬರೂ ನೆನಪಿಗೆ ಬಂದವು.

ಹಾಗಾದರೆ ಓದಿದ ವಿಷಯಕ್ಕೆ ಬೆಲೆಯೇ ಇಲ್ಲವಾ? ಇದೆ. ಅದು ನಾವು ಅಂದುಕೊಂಡ ಜಾಗದಲ್ಲಿ ಇಲ್ಲ. ಜಾನ್ ರಾಬ್‌ಸ್ಟ್ ಅನ್ನುವ ಅರ್ಥಶಾಸ್ತ್ರಜ್ಞ 2007ರಲ್ಲಿ ಅಮೆರಿಕದ ಪದವೀಧರರ ದೊಡ್ಡ ಸಮೀಕ್ಷೆಯೊಂದನ್ನು ಇಟ್ಟುಕೊಂಡು ಬರೆದಿದ್ದಾರೆ. ಸುಮಾರು ಐದರಲ್ಲಿ ಒಬ್ಬರು ತಮ್ಮ ಕೆಲಸಕ್ಕೂ ಓದಿಗೂ ಸಂಬಂಧವೇ ಇಲ್ಲ ಅಂದಿದ್ದರು. ಅಂಥವರಿಗೆ ಸಂಬಳವೂ ಸರಾಸರಿಯಲ್ಲಿ ಕಡಿಮೆ. ನನಗೆ ಹಿಡಿಸಿದ್ದು ಮುಂದಿನ ಮಾತು. ಸಾಹಿತ್ಯ, ಸಮಾಜ ವಿಜ್ಞಾನದಂಥ ಸಾಮಾನ್ಯ ವಿಷಯ ಓದಿದವರು ದಾರಿ ತಪ್ಪಿ ಬೇರೆ ಕೆಲಸಕ್ಕೆ ಹೋಗುವುದು ಜಾಸ್ತಿ, ಆದರೆ ಹಾಗೆ ಹೋದರೆ ಅವರಿಗೆ ಆಗುವ ನಷ್ಟ ಕಡಿಮೆ. ಒಂದು ನಿರ್ದಿಷ್ಟ ಕಸುಬಿಗೆಂದೇ ಓದಿದವರು ಹಾದಿ ಬಿಟ್ಟರೆ ಪೆಟ್ಟು ಜೋರು. ಇದು ಸಂಬಳದ ಲೆಕ್ಕ, ಮನಸ್ಸಿನದ್ದಲ್ಲ. ಆದರೂ ನಮ್ಮ ಕೌಂಟರಿನಲ್ಲಿ ಕಾಣುವುದು ಇದೇ. ಬಿಎ ಮಾಡಿದ ಹುಡುಗಿ ಪೊಲೀಸ್ ಅರ್ಜಿಗೆ ಬಂದರೆ ನಗುತ್ತಾ ಬರುತ್ತಾಳೆ. ಬಿಇ ಮಾಡಿದವನು ಅದೇ ಅರ್ಜಿಗೆ ಬಂದಾಗ ಪಕ್ಕದಲ್ಲಿ ಪರಿಚಯದವರು ಯಾರಾದರೂ ಇದ್ದಾರಾ ಅಂತ ಒಮ್ಮೆ ತಿರುಗಿ ನೋಡುತ್ತಾನೆ.

ನನ್ನ ಮಾತಿಗೆ ಅಡ್ಡ ಹೋಗುವ ಅಂಕಿಯನ್ನೂ ಬಚ್ಚಿಡುವುದಿಲ್ಲ. ಅಮೆರಿಕದ ಕೇಂದ್ರ ಬ್ಯಾಂಕು ಫೆಡರಲ್ ರಿಸರ್ವ್ 2021ರಲ್ಲಿ ಜನರನ್ನು ಕೇಳಿತು, ಮತ್ತೆ ಅವಕಾಶ ಸಿಕ್ಕರೆ ಬೇರೆ ವಿಷಯ ಓದುತ್ತೀರಾ ಅಂತ. ಕಲೆ, ಮಾನವಿಕ ವಿಷಯ ಓದಿದವರಲ್ಲಿ ಅರ್ಧದ ಹತ್ತಿರ ಹೌದು ಅಂದರು. ಎಂಜಿನಿಯರಿಂಗ್ ಓದಿದವರಲ್ಲಿ ಕಾಲು ಭಾಗದಷ್ಟು. ಅಂದರೆ "ಕಂಪ್ಯೂಟರ್ ಸೈನ್ಸ್ ಹಾಕ್ರಿ" ಅನ್ನುವ ಕಾಕಾ ಪೂರ್ತಿ ದಡ್ಡರೇನಲ್ಲ. ಅವರಿಗೆ ಗೊತ್ತಿರುವ ಬಡತನ ನನಗೂ ಗೊತ್ತು. ಆದರೆ ಅದು ಅಲ್ಲಿನ ಮಾತು, ಅಲ್ಲಿನ ಫೀ, ಅಲ್ಲಿನ ಸಾಲ. ಇಲ್ಲಿನ ಮಾತು ಯಾರ ಹತ್ತಿರ ಇದೆ?

ಯಾರ ಹತ್ತಿರವೂ ಇಲ್ಲ ಅನ್ನಿಸಿದಾಗ ನಾನೇ ಒಂದು ಹುಚ್ಚು ಕೆಲಸ ಮಾಡಿದೆ. ಪಾಸ್‌ವರ್ಡ್ ಮರೆತವರಿಗಾಗಿ ನಾವು ಒಂದು ಉದ್ದ ನೋಟ್‌ಬುಕ್ ಇಟ್ಟಿದ್ದೇವೆ, ಹೆಸರು, ಫೋನು, ಯಾವ ಅರ್ಜಿ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಹಳೆಯ ಪುಟಗಳ ನಂಬರಿಗೆ ಫೋನ್ ಹಚ್ಚುತ್ತಾ ಹೋದೆ. ಸಪ್ತಾಪುರದ ಝೆರಾಕ್ಸ್ ಅಂಗಡಿ ಅಕ್ಕ ಅಂದರೆ ಮೊದಲು ಗಾಬರಿ, ಏನಾದರೂ ಬಾಕಿ ಇದೆಯಾ ಅಂತ. ಆಮೇಲೆ ಮಾತು ನಿಲ್ಲುವುದಿಲ್ಲ. ಇದು ಸಮೀಕ್ಷೆ ಅಲ್ಲ, ಹದಿನೈದು ಜನ ಸಿಕ್ಕಿದ್ದರೆ ಹೆಚ್ಚು.

ಬಿ.ಎಸ್ಸಿಯಲ್ಲಿ ಸಸ್ಯಶಾಸ್ತ್ರ ಓದಿದ ಹುಡುಗಿ ಈಗ ರಾಣೆಬೆನ್ನೂರು ಕಡೆ ಬೀಜದ ಕಂಪನಿಯಲ್ಲಿದ್ದಾಳೆ. ಬೇರೆ ಎಲ್ಲೂ ಸಿಗದೆ ಸಸ್ಯಶಾಸ್ತ್ರಕ್ಕೆ ಬಂದವಳು. ಈಗ ರೈತರ ಹೊಲದಲ್ಲಿ ಕ್ರಾಸಿಂಗ್ ನೋಡಿಕೊಳ್ಳುತ್ತಾಳೆ. ಸಂಜೆ ಮೊಗ್ಗು ಬಿಚ್ಚಿ ಚಿಮಟದಿಂದ ಕೇಸರ ತೆಗೆಯಬೇಕು, ಮರುದಿನ ಬೆಳಗ್ಗೆ ಗಂಡು ಹೂವಿನ ಪರಾಗ ಮುಟ್ಟಿಸಬೇಕು, ಒಂದು ಮೊಗ್ಗು ತಪ್ಪಿದರೂ ಬೀಜ ಕಲಬೆರಕೆ. "ಅಕ್ಕಾರ, ಪರೀಕ್ಷಾದಾಗ ಹೂವಿನ ಚಿತ್ರಾ ತಗದು ಭಾಗ ಗುರುತಿಸ್ತಿದ್ವಿ ನೋಡ್ರಿ, ಅದನ್ನ ಈಗ ಹೆಣ್ಮಕ್ಕಳಿಗೆ ಬಟ್ಟಿನ ಮ್ಯಾಲ ಇಟ್ಟು ತೋರಸ್ತೀನಿ" ಅಂದಳು. ಬಿಸಿಲಿಗೆ ಮುಖ ಸುಟ್ಟಿದೆ ಅಂತಲೂ ಅಂದಳು. ಸಂಬಳ ಎಷ್ಟು ಅಂತ ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಇನ್ನೊಬ್ಬ ಕನ್ನಡ ಎಂಎ, ನಾನು ಆಸೆಪಟ್ಟ ವಿಷಯ. ಅತಿಥಿ ಉಪನ್ಯಾಸಕ. ಪಾಠ ಮಾಡುವ ಒಂದು ತಾಸು ಸ್ವರ್ಗ, ಉಳಿದದ್ದೆಲ್ಲ ನರಕ ಅಂದ. ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ, ಹೆಣ್ಣು ಕೊಡುವವರು ಅತಿಥಿ ಅಂದರೆ ಏನು ಅಂತ ಕೇಳುತ್ತಾರಂತೆ. ಇಷ್ಟದ ವಿಷಯ, ಇಷ್ಟದ ಕೆಲಸ, ಆದರೂ ನಿದ್ದೆ ಇಲ್ಲ. ಹರ್ಜ್‌ಬರ್ಗ್ ಹೇಳಿದ ಎರಡೂ ಒಬ್ಬನೇ ಮನುಷ್ಯನಲ್ಲಿ.

ಬಿ.ಎಸ್ಸಿ ಕೃಷಿ ಮಾಡಿದವನೊಬ್ಬ ಬ್ಯಾಂಕಿನಲ್ಲಿ ಕೃಷಿ ಕ್ಷೇತ್ರಾಧಿಕಾರಿ. ಕೊನೆಯ ವರ್ಷ ಹಳ್ಳಿಯಲ್ಲಿದ್ದು ರೈತರ ಜೊತೆ ಕೆಲಸ ಮಾಡುವ ಕಡ್ಡಾಯ ಇರುತ್ತದೆ ಅವರಿಗೆ, ಅಲ್ಲೇ ತನಗೆ ಏನು ಆಗುತ್ತದೆ ಏನು ಆಗುವುದಿಲ್ಲ ಗೊತ್ತಾಯಿತು ಅಂದ. ಕೊನೆಯ ವರ್ಷದ ಬದಲು ಮೊದಲ ವರ್ಷವೇ ತೋರಿಸಿದ್ದರೆ? ಬಿ.ಕಾಂ ಮಕ್ಕಳನ್ನು ಒಂದು ಮಾರ್ಚ್ 31ರಂದು ಯಾವುದಾದರೂ ಸಂಘದಲ್ಲಿ ಕೂರಿಸಿದ್ದರೆ? ಹೋಗಲಿ ಬಿಡಿ.

ಹುಡುಗಿಯರ ವಿಷಯ ಒಂದು ಮಾತು. ಬಹಳ ಹುಡುಗಿಯರ ಕಾಂಬಿನೇಷನ್ ಆಯ್ಕೆ ಮಾಡಿದ್ದು ಅಪ್ಪನೂ ಅಲ್ಲ ಕಾಕಾನೂ ಅಲ್ಲ, ಬಸ್ಸು. ಊರಿನಿಂದ ನೇರ ಬಸ್ಸು ಇರುವ ಕಾಲೇಜು ಯಾವುದೋ ಅದು, ಅಲ್ಲಿ ಯಾವ ವಿಷಯ ಇದೆಯೋ ಅದು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಇನ್ನೂ ಸ್ವಲ್ಪ ದೂರದ ಕಾಲೇಜಿನ ಹೆಸರು ಹೇಳುವ ಹುಡುಗಿಯರು ಬರುತ್ತಿದ್ದಾರೆ. ನಿಯಮ ಬದಲಾಗುವುದಂತೂ ಕೇಳಲೇಬೇಡಿ, 2021ರಲ್ಲಿ ನಾಲ್ಕು ವರ್ಷದ ಪದವಿ ಅಂದರು, 2024ರಲ್ಲಿ ಮತ್ತೆ ಮೂರಕ್ಕೆ ತಂದರು, ನಡುವೆ ಸಿಕ್ಕ ಮಕ್ಕಳಿಗೆ ತಮ್ಮದು ಯಾವ ಪದವಿ ಅಂತ ವಿವರಿಸಿ ಹೇಳುವುದೇ ಒಂದು ಕೆಲಸ.

ಈಗ ನನ್ನ ಬೇಡಿಕೆ. ಇಂಗ್ಲೆಂಡ್ ಕಡೆ ಪದವಿ ಮುಗಿಸಿದ ಎಲ್ಲರನ್ನೂ ಸುಮಾರು 15 ತಿಂಗಳಾದ ಮೇಲೆ ಹುಡುಕಿ ಕೇಳುತ್ತಾರೆ. ಕೆಲಸ ಏನು ಅನ್ನುವುದರ ಜೊತೆ ಮೂರು ಪ್ರಶ್ನೆ ಇರುತ್ತವೆ. ಮಾಡುತ್ತಿರುವುದಕ್ಕೆ ಅರ್ಥ ಇದೆ ಅನ್ನಿಸುತ್ತದಾ, ಕಲಿತದ್ದು ಬಳಕೆಗೆ ಬರುತ್ತಿದೆಯಾ, ಅಂದುಕೊಂಡ ದಾರಿಯಲ್ಲಿ ಇದ್ದೀರಾ. ಉತ್ತರವನ್ನು ವಿಷಯವಾರು ಪ್ರಕಟಿಸುತ್ತಾರೆ. ನಮ್ಮ ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್ ಓದು ಮುಗಿಸಿದವರ ಕೆಲಸದ ಬಗ್ಗೆ ಎಂಜಿನಿಯರಿಂಗ್ ಕಾಲೇಜುಗಳನ್ನು ಕೇಳುವುದು ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಎಷ್ಟು ಜನ ಮುಂದೆ ಓದಲು ಹೋದರು, ಸಂಬಳದ ಸಾಲಿನಲ್ಲಿ ನಡುವೆ ನಿಂತವನ ಸಂಬಳ ಎಷ್ಟು ಅಂತ. ಅಲ್ಲಿಗೆ ಮುಗಿಯಿತು.

ಧಾರವಾಡಕ್ಕೆ ವಿದ್ಯಾಕಾಶಿ ಅಂತ ಹೆಸರು. 1917ರ ಕರ್ನಾಟಕ ಕಾಲೇಜು ಇದೆ, ಎಪ್ಪತ್ತೈದು ದಾಟಿದ ಕರ್ನಾಟಕ ವಿಶ್ವವಿದ್ಯಾಲಯ ಇದೆ, ಕೃಷಿ ವಿಶ್ವವಿದ್ಯಾಲಯ, ಐಐಟಿ, ಹುಬ್ಬಳ್ಳಿಯಲ್ಲಿ ಕಾನೂನು ವಿಶ್ವವಿದ್ಯಾಲಯ. ಗದಗಿನಲ್ಲಿ ಗ್ರಾಮೀಣಾಭಿವೃದ್ಧಿಗೆ, ಹಾವೇರಿಯ ಗೊಟಗೋಡಿಯಲ್ಲಿ ಜಾನಪದಕ್ಕೆ ಒಂದೊಂದು. ಇಷ್ಟು ವಿಶ್ವವಿದ್ಯಾಲಯ ಇಟ್ಟುಕೊಂಡು ಮೂರು ವರ್ಷದ ಹಿಂದಿನ ನಮ್ಮದೇ ಮಕ್ಕಳಿಗೆ ಒಂದು ಫೋನ್ ಮಾಡಿ "ಹೆಂಗದೀಯಪ್ಪಾ, ಓದಿದ್ದು ಉಪಯೋಗಕ್ಕ ಬಂತಾ" ಅಂತ ಕೇಳಲು ಆಗುವುದಿಲ್ಲವಾ? ಡಿಗ್ರಿ ಓದಿದ ಬಹಳಷ್ಟು ಮಕ್ಕಳ ನಂಬರು ಯುಯುಸಿಎಂಎಸ್‌ನಲ್ಲೇ ಇದೆ, ತುಂಬಿದವರಲ್ಲಿ ನಾನೂ ಒಬ್ಬಳು. ಬಂದ ಉತ್ತರವನ್ನು ಬಿಎ, ಬಿ.ಕಾಂ, ಬಿ.ಎಸ್ಸಿ, ಬಿಇ ಅಂತ ಬೇರೆ ಬೇರೆ ಮಾಡಿ, ಕೆಟ್ಟದ್ದಿದ್ದರೂ ಮುಚ್ಚಿಡದೆ, ಮೇ ತಿಂಗಳಲ್ಲಿ ಗೋಡೆಗೆ ಹಚ್ಚಲಿ. ಮುಂದಿನ ಸಲ ಕಾಕಾ ಬಂದು ನನ್ನ ಮುಖ ನೋಡಿದರೆ ತೋರಿಸಲು ನನ್ನ ಹತ್ತಿರ ಒಂದು ಹಾಳೆಯಾದರೂ ಇರುತ್ತದೆ.

ನಿಮ್ಮ ಹತ್ತಿರವೂ ಒಂದು ಬೇಡಿಕೆ. ಆ ಪೂರ್ಣ ಪುಟದ ಜಾಹೀರಾತುಗಳಿಂದ ಪತ್ರಿಕೆ ನಡೆಯುತ್ತದೆ, ಅದು ನನಗೂ ಅರ್ಥವಾಗುತ್ತದೆ. ಹಾಕಿ. ಅದರ ಎದುರು ಪುಟದಲ್ಲಿ ವಾರಕ್ಕೊಮ್ಮೆ ಒಬ್ಬರ ಒಂದು ದಿನ ಹಾಕಿ. ಬೀಜದ ಹೊಲದವಳು, ಬ್ಯಾಂಕಿನವನು, ರಾತ್ರಿ ಪಾಳಿಯವನು, ಬೆಳಗ್ಗೆಯಿಂದ ಸಂಜೆ ತನಕ ಏನು ಮಾಡುತ್ತಾರೆ, ಏನು ಓದಿದ್ದರು, ಅಷ್ಟೇ. ನಂಬರು ಬೇಕಿದ್ದರೆ ನಾನು ಅವರನ್ನು ಕೇಳಿ ಕೊಡುತ್ತೇನೆ.

ಮತ್ತೆ ಯಾವುದಾದರೂ ಕಾಲೇಜು ನಿಜವಾಗಿ ಕೇಳುತ್ತೇನೆ ಅಂತ ಮುಂದೆ ಬಂದರೆ ಪ್ರಶ್ನೆ ಒಂದೇ ಹಾಳೆಯಲ್ಲಿ ಇರಲಿ, ಝೆರಾಕ್ಸ್ ಖರ್ಚು ನಮ್ಮದು. ಒಂದೇ ಷರತ್ತು. ನಮ್ಮ ಕಟ್ಟೆಯ ಮೇಲೆ ಕೂತು ಎರಡು ಪೆನ್ನಿನಲ್ಲಿ ತುಂಬಬಾರದು.

ಇಂತಿ,
ಝೆರಾಕ್ಸ್ ಅಂಗಡಿಯ ಅಕ್ಕ
ಸಪ್ತಾಪುರ, ಧಾರವಾಡ